ಅಂಗೈ ಕಂಪ್ಯೂಟರ್ ನೋಡಿದ ಸಾಲಾವಳಿ

ಮದುವೆಗೆ ಸಾಲಾವಳಿ ನೋಡುವುದು ಅಂಥ ದೊಡ್ಡ ವಿದ್ಯೆಯೇನಲ್ಲ ಎಂದು ನಾನು ಆ ಕಾಲದಲ್ಲಿ ನಂಬಿದ್ದೆ. ಹುಡುಗಿಯ ನಕ್ಷತ್ರ ಒಂದು, ಹುಡುಗನ ನಕ್ಷತ್ರ ಒಂದು, ನಡುವೆ ಎಷ್ಟು ದೂರ ಎನ್ನುವ ಲೆಕ್ಕ ಒಂದು. ನಾನೋ ತುಮಕೂರಿನ ಕಾಲೇಜಿನಲ್ಲಿ ಗಣಿತದ ಮೇಷ್ಟರು. ಕಳೆಯುವ ಲೆಕ್ಕ ನನಗೆ ಬರುತ್ತಿತ್ತು.

ಈ ನಂಬಿಕೆ ತಲೆಗೇರಲು ಕಾರಣ ಒಂದು ಯಂತ್ರ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಹಡಗಿನಲ್ಲಿ ಕೆಲಸ ಮಾಡುತ್ತಿದ್ದ ನನ್ನ ಸಹಪಾಠಿ ರಜಕ್ಕೆ ಬಂದವನು ಜಪಾನಿನ ಪುಟ್ಟ ಕಂಪ್ಯೂಟರೊಂದನ್ನು ನನ್ನ ಕೈಗಿಟ್ಟು ಹೋದ. ಕಂಪ್ಯೂಟರ್ ಎಂದರೆ ಬೆಂಗಳೂರಿನ ತಂಪು ಕೋಣೆಯಲ್ಲಿ ಬೀರುಗಳ ಹಾಗೆ ಸಾಲಾಗಿ ನಿಂತಿರುತ್ತದೆ, ಒಳಗೆ ಹೋಗಬೇಕಾದರೆ ಚಪ್ಪಲಿ ಬಿಡಬೇಕು ಎಂದೆಲ್ಲ ಕೇಳಿದ್ದೆ. ಇದು ಕನ್ನಡಕದ ಡಬ್ಬಿಯಷ್ಟಿತ್ತು. ಜೇಬಿನಲ್ಲಿ ಹಿಡಿಸುತ್ತಿತ್ತು. ಮೇಲೆ ಒಂದೇ ಒಂದು ಸಾಲಿನ ಪರದೆ, ಕೆಳಗೆ ಟೈಪ್‌ರೈಟರಿನ ಅಕ್ಷರಗಳು, ಪಕ್ಕದಲ್ಲಿ ಅಂಕಿಗಳು. ಸಾಲು ಸಾಲಾಗಿ ಅಪ್ಪಣೆ ಬರೆದುಕೊಟ್ಟರೆ ನೆನಪಿಟ್ಟುಕೊಂಡು ಹಾಗೇ ನಡೆಸುತ್ತಿತ್ತು. ಆರಿಸಿದರೂ ಮರೆಯುತ್ತಿರಲಿಲ್ಲ. ಸ್ವಲ್ಪ ಹೊತ್ತು ಮುಟ್ಟದಿದ್ದರೆ ತಾನೇ ಆರಿಕೊಳ್ಳುತ್ತಿತ್ತು. ಹೇಳಿದರೆ ಕುಂಯ್ ಎಂದು ಶಿಳ್ಳೆಯನ್ನೂ ಹಾಕುತ್ತಿತ್ತು.

"ಏನ್ರೀ ಮಾಡ್ತದೆ ಅದು?" ಎಂದು ಕೇಳಿದಳು ನನ್ನ ಹೆಂಡತಿ ಗಿರಿಜಾ.

"ಏನು ಹೇಳಿಕೊಟ್ರೂ ಮಾಡ್ತದೆ ಕಣೇ. ಒಂದ್ಸಲ ಹೇಳಿದ್ರೆ ಸಾಕು, ಮರೆಯಲ್ಲ."

"ಹಂಗಾದ್ರೆ ನಿಮಗಿಂತ ವಾಸಿ," ಎಂದು ಒಳಗೆ ಹೋದಳು.

ಅದೇ ವೇಳೆಗೆ ಗುಬ್ಬಿಯಲ್ಲಿದ್ದ ಅವಳ ತಂಗಿ ಶೈಲಾಗೆ ಕುಣಿಗಲ್ಲಿನ ಸಂಬಂಧವೊಂದು ಬಂತು. ಹುಡುಗ ಮಹದೇವ, ದನದ ಡಾಕ್ಟ್ರು. ಬಂದು ನೋಡಿಕೊಂಡು ಹೋಗಿದ್ದ. ಇಬ್ಬರಿಗೂ ಒಪ್ಪಿಗೆಯಾಗಿತ್ತು. ಎಷ್ಟು ಒಪ್ಪಿಗೆಯೆಂದರೆ, ಅದುವರೆಗೆ ಹಸುವಿನ ಹತ್ತಿರ ಸುಳಿಯದ ಶೈಲಾ ಪಕ್ಕದ ಮನೆಯ ಕರುವಿನ ಯೋಗಕ್ಷೇಮ ವಿಚಾರಿಸತೊಡಗಿದ್ದಳು. ಉಳಿದಿದ್ದು ಸಾಲಾವಳಿಯೊಂದೇ. ಅದು ಕೂಡಿಬರದಿದ್ದರೆ ಹುಡುಗನ ಅಪ್ಪ ರುದ್ರಪ್ಪನವರು ಮುಂದಕ್ಕೆ ಮಾತಾಡುವವರಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು.

ನಾನು ಪಂಚಾಂಗ ತಂದುಕೊಂಡು ಕೂತೆ. ಹುಡುಗಿಯ ನಕ್ಷತ್ರದಿಂದ ಹುಡುಗನ ನಕ್ಷತ್ರದವರೆಗೆ ಎಣಿಸಿ ಒಂಬತ್ತರಿಂದ ಭಾಗಿಸಬೇಕು. ಎರಡು, ನಾಲ್ಕು, ಆರು, ಎಂಟು ಉಳಿದರೆ ಒಳ್ಳೆಯದು. ಮೂರು, ಐದು, ಏಳು ಕೆಟ್ಟದ್ದು. ಏಳಂತೂ ವಧೆ. ಇದಕ್ಕೆ ಎಣಿಸುವುದೇಕೆ, ಒಂದರಿಂದ ಇನ್ನೊಂದನ್ನು ಕಳೆದರಾಯಿತು ಎಂದು ನನ್ನ ವಿದ್ಯಾವಂತ ಬುದ್ಧಿಗೆ ಹೊಳೆಯಿತು. ಕಳೆದೆ. ಒಳ್ಳೆಯ ಫಲಕ್ಕೆ ಮೂರು ಶಿಳ್ಳೆ, ಕೆಟ್ಟದ್ದಕ್ಕೆ ಒಂದೇ ಉದ್ದನೆಯ ಶಿಳ್ಳೆ ಎಂದೂ ಸೇರಿಸಿದೆ. ಜಪಾನಿನವರಿಗೇ ಹೊಳೆಯದ ಉಪಯೋಗ ಕಂಡುಹಿಡಿದೆನಲ್ಲ ಎಂದು ಬಹಳ ಖುಷಿಯಾಯಿತು.

ಗೊತ್ತುಮಾಡಿದ ದಿನ ಗುಬ್ಬಿಯ ಮಾವನ ಮನೆಯ ಹಜಾರದಲ್ಲಿ ಕುಣಿಗಲ್ಲಿನವರೆಲ್ಲ ಬೋಂಡ ತಿನ್ನುತ್ತ ಕೂತಿದ್ದರು. ಸಾಲಾವಳಿ ನೋಡಬೇಕಾದ ಅಯ್ಯನವರು ಗೂಳೂರಿನಿಂದ ಇನ್ನೂ ಬಂದಿರಲಿಲ್ಲ. ನಾನು ಜೇಬಿನಿಂದ ಯಂತ್ರ ತೆಗೆದೆ.

"ಅಯ್ಯನೋರು ಬರ್ಲಿ ಬುಡಿ ಅಳಿಯಂದ್ರೇ," ಎಂದರು ಮಾವ.

"ಒಂದ್ನಿಮಿಷದ ಕೆಲ್ಸ ಮಾವ," ಎಂದೆ. ಆ ಕ್ಷಣದಲ್ಲಿ ಯಾರಾದರೂ ನನ್ನ ಬಾಯಿಗೆ ಒಂದು ಬೋಂಡ ತುರುಕಬಾರದಿತ್ತೇ!

ರುದ್ರಪ್ಪನವರು ಕನ್ನಡಕ ಹಾಕಿಕೊಂಡು ಪಕ್ಕಕ್ಕೇ ಸರಿದು ಕೂತರು. "ಇದ್ರೊಳಗೆ ಯಾರವ್ರೆ ಸೋಮಿ?" ಎಂದು ತಿರುಗಿಸಿ ತಿರುಗಿಸಿ ನೋಡಿದರು. ಅವರ ಕುತೂಹಲ ಕಂಡು ನನಗೆ ಇನ್ನಷ್ಟು ಹುರುಪು ಬಂತು. ಶೈಲಾದು ರೋಹಿಣಿ, ನಾಲ್ಕನೆಯದು. ಮಹದೇವನದು ಪುಬ್ಬ, ಹನ್ನೊಂದನೆಯದು. ಒತ್ತಿದೆ. ಯಂತ್ರ ಸ್ವಲ್ಪ ಹೊತ್ತು ಯೋಚಿಸಿ ಒಂದೇ ಉದ್ದನೆಯ ಶಿಳ್ಳೆ ಹಾಕಿತು. ಪರದೆಯ ಮೇಲೆ ಏಳು ಎಂಬ ಅಂಕಿ, ಪಕ್ಕದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ 'ವಧೆ' ಎಂದು ಮೂಡಿತು.

ವಿಜ್ಞಾನದಲ್ಲಿ ಮುಚ್ಚುಮರೆ ಇರಬಾರದು ಎಂದು ನಾನು ಅದನ್ನು ಗಟ್ಟಿಯಾಗಿ ಓದಿಬಿಟ್ಟೆ.

ಹಜಾರದಲ್ಲಿ ಬೋಂಡ ಅಗಿಯುವ ಸದ್ದೂ ನಿಂತಿತು. ಹುಡುಗನ ತಾಯಿ ನಿಧಾನವಾಗಿ ಕೇಳಿದರು. "ವಧೆ ಅಂದ್ರೆ ಯಾರ್ದಪ್ಪಾ?"

"ಅದನ್ನ ಹೇಳಲ್ಲಮ್ಮ. ಅಷ್ಟು ಮೆಮೊರಿ ಇಲ್ಲ ಇದರಲ್ಲಿ," ಎಂದೆ.

ಬಾಗಿಲ ಸಂದಿಯಲ್ಲಿ ಶೈಲಾಳ ಮುಖ ಬಿಳಿಚಿಕೊಂಡಿದ್ದು ಕಂಡಿತು. ಮಾವ ನನ್ನನ್ನು ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ.

"ಜಪಾನ್‌ನೋರು ಸುಳ್ಳು ಹೇಳಾಕಿಲ್ಲ," ಎಂದು ನಿಟ್ಟುಸಿರುಬಿಟ್ಟ ರುದ್ರಪ್ಪನವರು, "ಎಲ್ಲಿ, ನಮ್ದೊಂದು ಹಾಕಿ ನೋಡ್ವಾ," ಎಂದರು. ಹಾಕಿದೆ. ಉದ್ದನೆಯ ಶಿಳ್ಳೆ! ಅವರು ಹೆಂಡತಿಯ ಕಡೆ ತಿರುಗಿದರು. ಆಕೆ ಬೇರೆ ಕಡೆ ತಿರುಗಿದರು. ಮಾವ ಅತ್ತೆಯರದು ಹಾಕಿದೆ. ಮತ್ತೆ ಉದ್ದನೆಯ ಶಿಳ್ಳೆ. ಗಿರಿಜಾ ಬಂದು, "ನಮ್ದೂ ಹಾಕಿ ನೋಡೋಣ," ಎಂದಳು. ವಿಪತ್ತು ಎಂದು ಬಂತು.

"ಇದು ನನಗೆ ಮದ್ವೆಯಾದ ವಾರಕ್ಕೇ ಗೊತ್ತಾಗಿತ್ತು. ಜಪಾನಿನಿಂದ ಬಂದು ಹೇಳ್ಬೇಕಿತ್ತಾ?" ಎಂದಳು.

ಕೊನೆಗೆ ಯಾರೋ ಮಾವನ ತಮ್ಮನ ಹೆಸರು ಎತ್ತಿದರು. ಆ ಗಂಡ ಹೆಂಡಿರು ಸಾಲಾವಳಿ ಕೂಡದಿದ್ದರೂ ಹಟ ಹಿಡಿದು ಮದುವೆಯಾಗಿ, ಈಗ ಮಾತುಬಿಟ್ಟು, ಒಂದೇ ಮನೆಗೆ ನಡುವೆ ಗೋಡೆ ಎಬ್ಬಿಸಿಕೊಂಡವರು. ಅವರ ನಕ್ಷತ್ರ ಒತ್ತಿದ್ದೇ ತಡ, ಯಂತ್ರ ಕುಂಯ್ ಕುಂಯ್ ಕುಂಯ್ ಎಂದು ಸಂಭ್ರಮದಿಂದ ಮೂರು ಶಿಳ್ಳೆ ಹಾಕಿತು.

ಆಗ ಶೈಲಾ ಹೊರಗೆ ಬಂದಳು. ಮದುವೆಯಾಗುವ ಹುಡುಗಿಯ ನಾಚಿಕೆಯೆಲ್ಲ ಬಿಟ್ಟು, "ಕೊಡಿ ಭಾವ ಇಲ್ಲಿ," ಎಂದು ಯಂತ್ರ ಇಸಕೊಂಡು ತಾನೇ ಒತ್ತಿ ನೋಡಿದಳು. "ರೋಹಿಣಿಯಿಂದ ಪಕ್ಕದ ಮೃಗಶಿರಾಗೆ ಇದು ಒಂದು ಅಂತದೆ. ಎರಡಲ್ವಾ ಭಾವ? ನಮ್ಮಿಂದ ಶುರು ಮಾಡಿ ಎಣಿಸ್ಬೇಕು. ರೋಹಿಣಿನೇ ಒಂದು."

ನನಗೆ ನೆತ್ತಿಯ ಮೇಲೆ ತಣ್ಣೀರು ಸುರಿದಂತಾಯಿತು. ಹುಡುಗಿಯ ನಕ್ಷತ್ರವನ್ನೂ ಸೇರಿಸಿ ಎಣಿಸುವುದು ಮನೆಮನೆಯ ಹೆಂಗಸರಿಗೆಲ್ಲ ಗೊತ್ತಿರುವ ಪದ್ಧತಿ. ಕಳೆದರೆ ಆ ಒಂದು ಬಿಟ್ಟುಹೋಗುತ್ತದೆ. ಅಂದರೆ ಸರಿಯಾಗಿ ನೋಡಿ ಮಾಡಿದ ಮದುವೆಗಳನ್ನೆಲ್ಲ ಯಂತ್ರ ಹುಡುಕಿ ಹುಡುಕಿ ಹಾಳು ಮಾಡುತ್ತಿತ್ತು!

"ಸಣ್ಣ ತಿದ್ದುಪಡಿ," ಎಂದು ಹಣೆ ಒರೆಸಿಕೊಂಡೆ. ಎಲ್ಲರೂ ಒತ್ತಿ ಒತ್ತಿ ಪರದೆ ಮಂಕಾಗಿತ್ತು. ಅಂಗಿ ಗುಂಡಿಯಂಥ ಅದರ ಸೆಲ್ಲುಗಳು ಗುಬ್ಬಿಯಲ್ಲಿ ಎಲ್ಲಿ ಸಿಗಬೇಕು? "ರೇಡಿಯೋ ಸೆಲ್ಲು ಬಿಸ್ಲಿಗಿಟ್ರೆ ಜೀವ ಬರ್ತದೆ," ಎಂದರು ರುದ್ರಪ್ಪನವರು. ಸರಿ, ಬಿಚ್ಚಿ ಕಾಂಪೌಂಡಿನ ಮೇಲಿಟ್ಟೆ. ಕಾಗೆ ಕಾಯುತ್ತ ನಿಂತೆ. ತಿರುಗಿ ಹಾಕಿದಾಗ ಜೀವ ನಿಜಕ್ಕೂ ಬಂತು. ನೆನಪು ಮಾತ್ರ ಬರಲಿಲ್ಲ. ಸೆಲ್ಲು ತೆಗೆದರೆ ಬರೆದದ್ದೆಲ್ಲ ಅಳಿಸಿಹೋಗುತ್ತದೆ ಎಂದು ಕೈಪಿಡಿಯಲ್ಲಿ ದಪ್ಪ ಅಕ್ಷರದಲ್ಲೇ ಹಾಕಿದ್ದರು. ಪಂಚಾಂಗ ಓದುವ ಭರದಲ್ಲಿ ನಾನು ಆ ಪುಟ ಓದಿರಲಿಲ್ಲ.

"ಹೋಗ್ಲಿ ಬುಡಿ ಅದನ್ನ," ಎಂದ ರುದ್ರಪ್ಪನವರು ಶೈಲಾಳ ಕಡೆ ನೋಡಿ, "ನೀನೇ ಎಣ್ಸವ್ವ," ಎಂದರು. ಅವಳು ಬೆರಳಿನ ಗೆರೆಗಳ ಮೇಲೆ ಹೆಬ್ಬೆರಳು ಓಡಿಸುತ್ತ ರೋಹಿಣಿಯಿಂದ ಪುಬ್ಬದವರೆಗೆ ಎಣಿಸಿದಳು. "ಎಂಟು. ಮಿತ್ರತಾರೆ," ಎಂದಳು. ಅಪ್ಪನ ಹಿಂದೆ ಕೂತಿದ್ದ ಮಹದೇವ ಮೂರು ಸಲ ಶಿಳ್ಳೆ ಹಾಕಿಬಿಟ್ಟ. ಎಲ್ಲರೂ ನಕ್ಕರು. ಆಮೇಲೆ ಬಂದ ಅಯ್ಯನವರು ಮಿಕ್ಕ ಕೂಟಗಳನ್ನೂ ನೋಡಿ ಸರಿಯಾಗಿದೆ ಎಂದು ಬೋಂಡ ತಿಂದರು.

ಮದುವೆಯ ದಿನ ನನಗೆ ಯಾರೂ ಜವಾಬ್ದಾರಿ ಕೊಡಲಿಲ್ಲ. ಕೊನೆಯ ಪಂಕ್ತಿಯ ಹೊತ್ತಿಗೆ ಮಾವನಿಗೇ ಕನಿಕರ ಬಂದಿರಬೇಕು. "ಅಳಿಯಂದ್ರೇ, ಊಟಕ್ಕೆ ಉಳ್ದಿರೋ ಮನೆಯೋರ್ನ ಎಣ್ಸಿ ಎಲೆ ಹಾಕಿಸ್ಬುಡಿ. ಮೊದಲ್ನೆಯೋರ್ನ ಬುಡ್ಬೇಡಿ," ಎಂದರು.

ಮಾವನನ್ನೇ ಒಂದು ಎಂದು ಹಿಡಿದು, ಗಿರಿಜಾಳನ್ನು, ಬೀಗರನ್ನು, ಹೆಣ್ಣು ಗಂಡನ್ನು ಎಲ್ಲ ಎಣಿಸಿದೆ. ತಿರುಗಿ ಎಣಿಸಿದರೂ ಲೆಕ್ಕ ಅಷ್ಟೇ ಬಂತು. ಎಲೆ ಹಾಕಿಸಿದೆ. ಎಲ್ಲರೂ ಕೂತರು, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ನಾನೊಬ್ಬನೇ ನಿಂತಿದ್ದೆ.

ಬಾಸಿಂಗ ಕಟ್ಟಿಕೊಂಡು ಕೂತಿದ್ದ ಶೈಲಾ ತಲೆಯೆತ್ತಿ ನೋಡಿದಳು. "ಭಾವ, ನಿಮ್ಮಿಂದ ಶುರು ಮಾಡ್ಬೇಕಿತ್ತು," ಎಂದಳು.

ಬಾಳೆ ಎಲೆ ಮುಗಿದಿತ್ತು. ನಾನು ಅಡುಗೆಯವರ ಜೊತೆ ಮುತ್ತುಗದ ಎಲೆಯಲ್ಲಿ ಊಟ ಮಾಡಿದೆ.