ನೊಗವೊಂದು ಬಿಟ್ಟು ಮಿಕ್ಕಿದ್ದೆಲ್ಲಾ ಯೋಕು

ಕೆಲವರನ್ನು ಜಗಳ ಹುಡುಕಿಕೊಂಡು ಬರುತ್ತೆ, ಕೆಲವರನ್ನು ನೆಗಡಿ. ನನ್ನನ್ನು ಹುಡುಕಿಕೊಂಡು ಬರೋದು ಒಂದು ಇಂಗ್ಲಿಷ್ ಪದ.

ಐರ್ಲೆಂಡಿನ ವಾಟರ್‌ಫರ್ಡ್ ಊರಾಚೆ ಟ್ರ್ಯಾಕ್ಟರು, ಹಾಲು ಕರೆಯೋ ಮಷೀನು ರಿಪೇರಿ ಮಾಡೋ ವರ್ಕ್‌ಶಾಪಲ್ಲಿ ನನ್ನ ಕೆಲಸ. ಇಲ್ಲೇ ಮಾಸ್ಟರ್ಸ್ ಮಾಡಿದವನು, ಮೆಕ್ಯಾನಿಕಲ್. ನಮ್ಮ ಹೋಬಳಿಗೇ ಮೊದಲಿಗ, ಬೇಕಾದ್ರೆ ಹೋಗಿ ಕೇಳಿ. ಆ ಪದ 'ಯೋಕ್'. ಸ್ಕೂಲಲ್ಲಿ ಮೇಷ್ಟ್ರು ಹೇಳಿಕೊಟ್ಟಿದ್ದು ನೊಗ ಅಂತ. ಐರ್ಲೆಂಡಿನಲ್ಲಿ ಹಂಗಲ್ಲ. ಹೆಸರು ಬಾಯಿಗೆ ಬರದೇ ಇರೋ, ಇಲ್ಲಾ ಹೆಸರು ಹೇಳೋಕೆ ಸೋಮಾರಿತನ ಆಗೋ ಸಕಲ ಸಾಮಾನೂ ಇಲ್ಲಿ ಯೋಕೇ. ಸ್ಪ್ಯಾನರ್ ಯೋಕು, ಫೋನು ಯೋಕು, ಯಾರೋ ಅರ್ಧ ತಿಂದು ಬಿಟ್ಟ ಸ್ಯಾಂಡ್‌ವಿಚ್ಚೂ ಯೋಕು.

ಅಜ್ಜಿ ಕಾಲೇಜು

ಕೆಲಸಕ್ಕೆ ಸೇರಿದ ದಿನ ಮಾಲೀಕರು ಟ್ರ್ಯಾಕ್ಟರ್ ಕೆಳಗೆ ಅಂಗಾತ ಮಲಗಿದ್ದರು. ಅರವತ್ತು ದಾಟಿದ ಮನುಷ್ಯ, ಮಾತು ಕಮ್ಮಿ. ಒಂದು ಕೈ ಮಾತ್ರ ಹೊರಗೆ ಬಂತು. "ಆ ಯೋಕ್ ಕೊಡು."

ಪಕ್ಕದಲ್ಲಿ ನನ್ನ ಜೊತೆಗೇ ಸೇರಿದ ಇಲ್ಲಿನವನೇ ಒಬ್ಬ ಹುಡುಗ ಇದ್ದ. "ಯಾವ ಯೋಕು?" ಅಂದ.

"ಆ ಯೋಕು. ಅದರ ಪಕ್ಕದಲ್ಲಿರೋ ಯೋಕು."

ಅವನು ಸುತ್ತಿಗೆ ಕೊಟ್ಟ. ಸುತ್ತಿಗೆ ಕೊಟ್ಟಷ್ಟೇ ವೇಗವಾಗಿ ಹೊರಗೆ ಬಂತು. ನಾನು ಮಾಲೀಕರ ಕೈ ನೋಡಿದೆ. ಹೆಬ್ಬೆರಳು, ತೋರುಬೆರಳು ಒಂಚೂರು ತಿರುವುತ್ತಾ ಇದ್ದವು. ಸಣ್ಣ ರಿಂಗ್ ಸ್ಪ್ಯಾನರ್ ಇಟ್ಟೆ. ಕೈ ಒಳಗೆ ಹೋಯ್ತು, ತಿರುಗಿ ಬರಲಿಲ್ಲ.

ಇದರಲ್ಲಿ ಮಾಯ ಮಂತ್ರ ಏನೂ ಇಲ್ಲ. ನಾನು ನಮ್ಮಜ್ಜಿ ಕೈಲಿ ಬೆಳೆದವನು. "ಲೋ, ಅದ್ರ ಮ್ಯಾಲೆ ಇರೋ ಇದನ್ನ ತಗಂಬಾ, ಇದ್ರ ಕೆಳಗೆ ಅದೈತಲ್ಲಾ, ಅದ್ರಾಗೆ ಹಾಕು" ಅಂತಿದ್ರು. ಅಷ್ಟೇ. ಜರಡಿಯೋ, ಮೊರವೋ, ಚಿಕ್ಕಪ್ಪನ ಚಪ್ಪಲಿಯೋ, ನಾವೇ ತಿಳ್ಕೋಬೇಕು. ತಪ್ಪಿದ್ರೆ ಸೌಟು. ಇಂಥಾ ಕಡೆ ಪಳಗಿದವನಿಗೆ ಐರ್ಲೆಂಡ್ ಯಾವ ಲೆಕ್ಕ?

ಮಾಲೀಕರು ಹೊರಗೆ ಬಂದು ಮುಖ ಒರೆಸಿಕೊಂಡು, "ಇದನ್ನ ಯಾವ ಕಾಲೇಜಲ್ಲಿ ಕಲಿಸ್ತಾರೆ?" ಅಂದರು.

"ನಮ್ಮನೆ ಅಡುಗೆಮನೇಲಿ ಸರ್. ಸೀಟು ಸಿಗೋದು ಕಷ್ಟ."

"ಸರಿ. ಬೇಸಿಗೆ ಮುಗಿಯೋವರೆಗೂ ನೋಡ್ತೀನಿ. ಆಮೇಲೆ ಇಟ್ಕೊಳ್ಳೋದೋ ಬಿಡೋದೋ ಹೇಳ್ತೀನಿ" ಅಂತ ಮತ್ತೆ ಒಳಗೆ ತೂರಿದರು. ಬಿಟ್ಟರೆ ಇಲ್ಲಿ ಕೆಲಸ ಮಾಡೋ ಪರ್ಮಿಟ್ ಹೋಯ್ತು, ಪರ್ಮಿಟ್ ಹೋದ್ರೆ ಊರಿಗೆ. ಊರಲ್ಲಿ ನಾನಾಗಲೇ ಇಡೀ ವರ್ಕ್‌ಶಾಪು ನನ್ನ ಕೈಲೇ ನಡೀತಾ ಐತೆ ಅಂತ ಹೇಳಿಯಾಗಿತ್ತು.

ಒಂದು ಸಲದ ಅಂತರ

ಒಂದು ಭಾನುವಾರ ಮಾಲೀಕರು ಮನೆಗೆ ಕರೆದರು. ಅವರ ತಾಯಿ ಕಿಟಕಿ ಪಕ್ಕ ಕೂತಿದ್ದರು, ತುಂಬಾ ವಯಸ್ಸಾದವರು. ನಾನು ಈ ಪದದ ವಿಚಾರ ಎತ್ತಿದೆ. ಮುದುಕಿ ಅಂದರು, "ನಾನು ಹುಡುಗಿಯಾಗಿದ್ದಾಗ ಯೋಕ್ ಅಂದ್ರೆ ಕುದುರೆ ಗಾಡಿ. 'ಯೋಕ್ ಹೂಡು, ಚರ್ಚಿಗೆ ಹೊತ್ತಾಯ್ತು' ಅಂತಿದ್ರು ನಮ್ಮಪ್ಪ."

ಮಾಲೀಕರು, "ನನಗೆ ಟ್ರ್ಯಾಕ್ಟರ್" ಅಂದರು.

ಮಾಲೀಕರ ಮೊಮ್ಮಗಳು ಸೋಫಾ ಮೇಲೆ ಮಲಗಿಕೊಂಡೇ ಟಿವಿ ರಿಮೋಟ್ ಕಡೆ ಕಾಲು ಚಾಚಿ, "ಯಾರಾದ್ರೂ ಆ ಯೋಕ್ ಎಸೀರಿ" ಅಂದಳು. ಎತ್ತಿನ ಹೆಗಲಿಂದ ಇಳಿದ ಪದ ಗಾಡಿ ಹತ್ತಿ, ಟ್ರ್ಯಾಕ್ಟರ್ ಓಡಿಸಿ, ಕೊನೆಗೆ ಸೋಫಾ ಸಂದಿಗೆ ಬಿದ್ದಿತ್ತು.

ಅಷ್ಟರಲ್ಲಿ ಟೀ, ಕೇಕು ಬಂತು. "ತಗೊಳಪ್ಪಾ" ಅಂದರು ಮುದುಕಿ. ನಾನು ಮರ್ಯಾದಸ್ಥರ ಮನೆ ಹುಡುಗ. "ಬೇಡಿ, ಐ ಆಮ್ ಗ್ರ್ಯಾಂಡ್" ಅಂದೆ, ಇಲ್ಲಿಯವರು ಬೇಡ ಅನ್ನೋದೇ ಹಂಗೆ. "ಅಯ್ಯೋ, ಒಂಚೂರು." "ಬೇಡಿ ಬೇಡಿ, ಈಗ್ತಾನೇ ತಿಂದೆ." "ಒಂದೇ ಒಂದು ತುಂಡು." "ಹೊಟ್ಟೆ ತುಂಬೈತೆ." ಮುದುಕಿ ನಿಟ್ಟುಸಿರು ಬಿಟ್ಟು ತಟ್ಟೆ ಒಳಗೆ ಕಳಿಸಿದರು.

ಅವರಲ್ಲೂ ಬಲವಂತ ಮಾಡೋದು ಪದ್ಧತಿ, ನಮ್ಮಲ್ಲೂ ಬಲವಂತಕ್ಕೆ ಒಪ್ಪೋದು ಪದ್ಧತಿ. ಅವರ ಬಲವಂತ ಮುಗಿಯೋ ಜಾಗಕ್ಕೂ ನಮ್ಮ ಒಪ್ಪಿಗೆ ಶುರುವಾಗೋ ಜಾಗಕ್ಕೂ ಮಧ್ಯೆ ಒಂದೇ ಒಂದು ಸಲದ ಅಂತರ. ಆ ಅಂತರದಲ್ಲಿ ನನ್ನ ಚಾಕೊಲೇಟ್ ಕೇಕು ಬಿತ್ತು.

ಸಾಫ್ಟ್‌ವೇರ್ ಮತ್ತು ಫ್ಲಶ್ಶು

ನನ್ನ ರೂಮ್‌ಮೇಟ್ ಬೆಂಗಳೂರಿನವನು, ಸಾಫ್ಟ್‌ವೇರು. ಮನೇಲಿ ಫ್ಲಶ್ ಕೆಟ್ಟಿತು. ಇವನು ಇಂಟರ್‌ನೆಟ್ಟಲ್ಲಿ ಬಿಡಿಭಾಗದ ಪೂರ್ತಿ ಹೆಸರು, ಅಳತೆ ಎಲ್ಲಾ ಹುಡುಕಿ, ಬಾಯಿಪಾಠ ಮಾಡಿಕೊಂಡು ಹಾರ್ಡ್‌ವೇರ್ ಅಂಗಡಿಗೆ ಹೋದ. ಬರಿಗೈಲಿ ಬಂದ. "ಮಗಾ, ಅಂಗಡಿಯವನು ನನ್ನನ್ನ ಇನ್‌ಸ್ಪೆಕ್ಟರ್ ಅಂದ್ಕೊಂಡ ಕಣೋ. 'ಲೈಸೆನ್ಸ್ ಒಳಗಡೆ ಐತೆ ಸರ್, ತರ್ಲಾ' ಅಂದ."

ನಾನು ಹೋದೆ. ಗಲ್ಲಾ ಮೇಲೆ ಮೊಣಕೈ ಊರಿ, ಮೊದಲು ಗಾಳಿ ಮಳೆ ವಿಚಾರಿಸಿದೆ. ಇಲ್ಲಿ ಅದಿಲ್ಲದೆ ಮೊಳೆನೂ ಸಿಗಲ್ಲ. ಆಮೇಲೆ, "ಟ್ಯಾಂಕೊಳಗೆ ಹಿಂಗೆ ಹಿಂಗೆ ಆಡೋ ಯೋಕ್ ಐತಲ್ಲಾ, ಅದು ಹಿಂಗಾಗೈತೆ" ಅಂತ ಕೈ ಜೋಲು ಬಿಟ್ಟು ತೋರಿಸಿದೆ. "ಓ, ಆ ಯೋಕಾ!" ಅಂತ ತೆಗೆದುಕೊಟ್ಟ.

ರೂಮ್‌ಮೇಟ್ ಅದನ್ನ ತಿರುಗಿಸಿ ಮುರುಗಿಸಿ ನೋಡಿದ. ಪಾಕೀಟಿನ ಮೇಲೆ ಅವನು ಬಾಯಿಪಾಠ ಮಾಡಿದ್ದ ಹೆಸರೇ ಇತ್ತು. ಎರಡು ದಿನ ನನ್ನ ಜೊತೆ ಮಾತು ಬಿಟ್ಟ.

ಆ ಮರದ ತುಂಡು

ಒಂದು ವಿಚಿತ್ರ ಕೇಳಿ. ನಮ್ಮ ವರ್ಕ್‌ಶಾಪಿನ ಗೋಡೆ ಮೇಲೆ ನಿಜವಾದ ನೊಗ ಒಂದು ನೇತಾಡುತ್ತೆ, ಮುದುಕಿಯ ತಾತನ ಕಾಲದ್ದು. ಇಡೀ ವರ್ಕ್‌ಶಾಪಲ್ಲಿ ಎಲ್ಲಾನೂ ಯೋಕು. ಅದೊಂದನ್ನ ಮಾತ್ರ 'ಆ ಮರದ ತುಂಡು' ಅಂತಾರೆ.

ಸೇರಿದಾಗಿಂದ ಅದರ ಕೆಳಗೆ ನಿಂತು ಒಂದೆರಡು ಮಾತು ಆಡಿದ್ದೆ. "ಇದೆಲ್ಲಾ ನಮಗೆ ಎಡಗೈ ಕೆಲಸ. ನಾನು ಹುಟ್ಟಿದ್ದೇ ನೊಗದ ಕೆಳಗೆ" ಅಂತ. ನಮ್ಮನೆ ಎತ್ತು ಮಾರಿದಾಗ ನಾನಿನ್ನೂ ತೊಟ್ಟಿಲಲ್ಲಿದ್ದೆ ಅನ್ನೋದನ್ನ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಬೇಸಿಗೆ ಕೊನೆಗೆ ಇಲ್ಲಿ ಹಳೇ ಟ್ರ್ಯಾಕ್ಟರು, ಹಳೇ ಒಕ್ಕಣೆ ಯಂತ್ರ ಎಲ್ಲಾ ಮೈದಾನಕ್ಕೆ ತಂದು ಜನಕ್ಕೆ ತೋರಿಸ್ತಾರೆ. ಈ ಸಲ ಎತ್ತಿಗೆ ನೊಗ ಹೂಡಿ ತೋರಿಸೋಣ ಅಂತ ಆ ಮೇಳದ ಕಮಿಟಿಯವರಿಗೆ ಆಸೆ. ಒಬ್ಬ ರೈತನ ಹತ್ರ ಹಗ್ಗ ಹಿಡಿದ್ರೆ ಸುಮ್ಮನೆ ನಡೆಯೋ ಸಾಧು ಎತ್ತುಗಳು ಎರಡು ಇದ್ದವು. ನೊಗ ಹೂಡೋದು ಮಾತ್ರ ಸುತ್ತಮುತ್ತ ಯಾರಿಗೂ ಗೊತ್ತಿಲ್ಲ.

ಮಾಲೀಕರು ಬಂದು, "ನನ್ನ ಹತ್ರ ಒಬ್ಬ ಇದ್ದಾನೆ ಅಂತ ಹೇಳಿದ್ದೀನಿ. ನನ್ನ ಮರ್ಯಾದೆ ಉಳಿಸು. ನಿನ್ನ ಕೆಲಸದ ವಿಚಾರ ಅಲ್ಲೇ ಹೇಳ್ತೀನಿ" ಅಂದರು.

ವಾರವೆಲ್ಲಾ ವಿಡಿಯೋ ನೋಡಿದೆ. ವಿಡಿಯೋದ ಎತ್ತಿಗೂ ಮೈದಾನದ ಎತ್ತಿಗೂ ಒಂದೇ ವ್ಯತ್ಯಾಸ. ವಿಡಿಯೋದ ಎತ್ತು ನಮ್ಮನ್ನ ತಿರುಗಿ ನೋಡಲ್ಲ.

ಜನ ಸುತ್ತ ನಿಂತಿದ್ದರು. ಮುದುಕಿ ಕುರ್ಚಿ ಹಾಕಿಸಿಕೊಂಡು ಮುಂದೆ ಕೂತಿದ್ದರು. ನೊಗ ಹುಲ್ಲಿನ ಮೇಲಿತ್ತು. ನಾನು ಅದರ ಸುತ್ತ ಎರಡು ಸಲ ಗಂಭೀರವಾಗಿ ನಡೆದು, ಜೊತೆಗೆ ಬಂದಿದ್ದ ರೂಮ್‌ಮೇಟ್ ಕಿವೀಲಿ "ಅಜ್ಜಿಗೆ ವಿಡಿಯೋ ಕಾಲ್ ಮಾಡೋ" ಅಂದೆ.

ಅಜ್ಜಿ ಮುಖ ಫೋನಲ್ಲಿ ಬಂತು. ಅದೇ ಹೊತ್ತಿಗೆ ನಾನು ಆಚೆ ಕಡೆಯಿಂದ ಹಗ್ಗ ತಗೊಳ್ಳೋಕೆ ಕಾಲೆತ್ತಿ ದಾಟಿದೆ.

"ಲೋ ಬೇವರ್ಸಿ! ಬೂಟುಗಾಲಲ್ಲಿ ನೊಗ ದಾಟ್ತೀಯಾ? ಅನ್ನ ಹಾಕೋ ದೇವ್ರು ಕಣೋ ಅದು! ಮುಟ್ಟಿ ಕಣ್ಣಿಗೆ ಒತ್ಕೋ ಮೊದ್ಲು!"

ಬೂಟು ಬಿಚ್ಚಿದೆ. ಬಗ್ಗಿ, ನೊಗ ಮುಟ್ಟಿ, ಎರಡೂ ಕಣ್ಣಿಗೆ ಒತ್ತಿಕೊಂಡೆ. ಎದ್ದು ನೋಡ್ತೀನಿ, ಮಾಲೀಕರೂ ಬೂಟು ಬಿಚ್ಚುತ್ತಾ ಇದ್ದಾರೆ. ಇದು ನೊಗ ಹೂಡೋ ವಿಧಾನದ ಮೊದಲ ಹಂತ ಅಂದ್ಕೊಂಡಿದ್ದರು. ಟೋಪಿ ತೆಗೆದು, ಬಗ್ಗಿ, ಮುಟ್ಟಿ, ಕಣ್ಣಿಗೆ ಒತ್ತಿಕೊಂಡರು. ಹಿಂದೆ ಕಮಿಟಿಯವರು ಸಾಲು ಹಿಡಿದರು. ಎತ್ತು ತಂದಿದ್ದ ರೈತನೂ ಬಂದ. ಮುದುಕಿ ಕೂತಲ್ಲೇ ಶಿಲುಬೆ ಗುರುತು ಹಾಕಿಕೊಂಡರು.

ಅಜ್ಜಿ ಮೆತ್ತಗಾದರು. "ಒಳ್ಳೆ ಜನ ಕಣ್ಲಾ. ಈಗ ನೋಡು" ಅಂತ ಎರಡು ಬಿಂದಿಗೆ ಪಕ್ಕಪಕ್ಕ ಇಟ್ಟು, ಅಡ್ಡಲಾಗಿ ಒನಕೆ ಹಿಡಿದರು. "ಇದನ್ನ ಅದ್ರ ಮ್ಯಾಲೆ ಹಿಂಗೆ. ಅದನ್ನ ಇದ್ರೊಳಗಿಂದ ಹಂಗೆ. ಆಮೇಲೆ ಆ ಅದನ್ನ ಎಳೆದು ಇದಕ್ಕೆ ಸಿಗಿಸು."

ಜೀವಮಾನದಲ್ಲಿ ಮೊದಲ ಸಲ ನನಗೆ ಅಜ್ಜಿ ಮಾತು ಅರ್ಥವಾಗಲಿಲ್ಲ. ಅವತ್ತು ಗಾಳಿ ಜೋರಿತ್ತು, ಅದನ್ನೂ ಲೆಕ್ಕಕ್ಕೆ ತಗೋಬೇಕು.

ಹಿಂದಿನಿಂದ ಮಾಲೀಕರು ಬಗ್ಗಿ ಫೋನ್ ನೋಡಿದರು. ಕನ್ನಡದ ಒಂದಕ್ಷರ ಗೊತ್ತಿಲ್ಲ. "ಓ, ಆ ಯೋಕನ್ನ ಈ ಯೋಕೊಳಗೆ" ಅಂದರು. ನೊಗವನ್ನ ಎತ್ತುಗಳ ಹೆಗಲ ಮೇಲಿಟ್ಟರು. ಅಜ್ಜಿ "ಹ್ಞೂಂ, ಈಗ ಅದು" ಅಂದರು. ಮಾಲೀಕರು ಹಗ್ಗ ತೂರಿಸಿದರು. "ಅಲ್ಲಲ್ಲ, ಇತ್ಲಾಗೆ." ಇತ್ಲಾಗೆ ಎಳೆದರು. ನಾನು ಮಧ್ಯೆ ಒಂದೆರಡು ಸಲ "ಕರೆಕ್ಟು, ಕರೆಕ್ಟು" ಅಂದೆ. ಎತ್ತುಗಳು ನೊಗ ಹೊತ್ತು ನಡೆದವು. ಜನ ಚಪ್ಪಾಳೆ ತಟ್ಟಿದರು, ನಾನು ಕೈ ಬೀಸಿದೆ.

ಅಜ್ಜಿ ಫೋನಿಂದ, "ಆ ಯಜಮಾನ ಬುದ್ಧಿವಂತ ಕಣ್ಲಾ. ನಿನ್ನ ಕೈಕೆಳಗೆ ಕೆಲ್ಸ ಮಾಡ್ತಾನಲ್ಲಾ, ಅವನೇನಾ? ಸಂಬಳ ಜಾಸ್ತಿ ಮಾಡು" ಅಂದರು. ರೂಮ್‌ಮೇಟ್‌ಗೆ ನನ್ನ ಮೇಲೆ ಫ್ಲಶ್ಶಿನ ಸಿಟ್ಟು ಬಾಕಿ ಇತ್ತು. ಮಾಲೀಕರಿಗೆ ಅದನ್ನ ಇಂಗ್ಲಿಷಲ್ಲಿ ಹೇಳಿಬಿಟ್ಟ.

ಮಾಲೀಕರು ಬೂಟು ಹಾಕಿಕೊಂಡು, ಲೇಸು ಕಟ್ಟಿ, ನಿಧಾನಕ್ಕೆ ಎದ್ದರು.

"ತೀರ್ಮಾನ ಆಯ್ತು. ಕೆಲಸ ಪರ್ಮನೆಂಟು. ನಿಮ್ಮಜ್ಜಿಗೆ. ಆಕೆ ಬರೋವರೆಗೂ ಆ ಜಾಗ ನೀನು ನೋಡ್ಕೊ."

ಅಜ್ಜಿ ಹತ್ರ ಪಾಸ್‌ಪೋರ್ಟ್ ಇಲ್ಲ. ಮಾಡಿಸೋ ಯೋಚನೆ ನನಗಂತೂ ಇಲ್ಲ.