ಕೆಂಪು ಐಸ್‌ಕ್ರೀಂ ಪ್ರಕರಣದಲ್ಲಿ ನನ್ನ ಹೇಳಿಕೆ

ಬ್ಯಾಡಗಿಯ ನಮ್ಮ ಓಣಿಯಲ್ಲಿ ಈಗ ಚಾಲ್ತಿಯಲ್ಲಿರುವ ಕತೆಯ ಪ್ರಕಾರ, ನಾನು ಹಲ್ಲಿಲ್ಲದ ಅಜ್ಜಿಗೆ ಮೆಣಸಿನಕಾಯಿ ಐಸ್‌ಕ್ರೀಂ ಮಾಡಿ ತಿನ್ನಿಸಿದೆ. ಕತೆ ಹೇಳುವವರು ಇಲ್ಲಿ ಸ್ವಲ್ಪ ನಿಲ್ಲಿಸಿ, ಕೇಳುವವರು ನಗುವುದನ್ನು ಕಾಯುತ್ತಾರೆ. ಆಮೇಲೆ ‘ಅಷ್ಟು ಕಲಿತಾಕಿ ನೋಡ್ರಿ’ ಎಂದು ಮುಗಿಸುತ್ತಾರೆ.

ಈ ಕತೆಯನ್ನು ನಾನು ಇಡಿಯಾಗಿ ಒಪ್ಪುವುದಿಲ್ಲ. ಅಜ್ಜಿಗೆ ಹಲ್ಲಿಲ್ಲ ಎಂಬುದು ನಿಜ. ಐಸ್‌ಕ್ರೀಮಿನಲ್ಲಿ ಖಾರ ಇತ್ತೆಂಬುದೂ ನಿಜ. ನಾನು ಕಲಿತವಳು ಎಂಬುದಕ್ಕೆ ಹಾವೇರಿಯ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಏಳು ಕಪ್ಪುಗಳೇ ಸಾಕ್ಷಿ. (ಒಂದರಲ್ಲಿ ಅವ್ವ ಸೇಫ್ಟಿ ಪಿನ್ನು ಇಟ್ಟಿದ್ದಾಳೆ, ಅದು ಬೇರೆ ಮಾತು.) ಆದರೆ ಖಾರ ಅದರೊಳಗೆ ಹೇಗೆ ಹೋಯಿತು ಎಂದು ಕೇಳಿದರೆ ಎಲ್ಲರೂ ನನ್ನ ಕಡೆ ಬೆರಳು ತೋರಿಸುತ್ತಾರೆ. ವಿಚಾರಣೆ ಅಲ್ಲಿಗೇ ನಿಂತುಬಿಟ್ಟಿದೆ. ಆದ್ದರಿಂದ ಮೊದಲಿನಿಂದ ಹೇಳುತ್ತೇನೆ.

ಅಜ್ಜಿ ಎಂದರೆ ಅಪ್ಪನ ತಾಯಿ. ಬಾಯಲ್ಲಿ ಉಳಿದಿದ್ದ ಐದು ಹಲ್ಲುಗಳಿಂದಲೇ ದಿನಾ ಬೆಳಿಗ್ಗೆ ರೊಟ್ಟಿಗೆ ರಂಜಕ ಹಚ್ಚಿಕೊಂಡು ತಿನ್ನುತ್ತಿದ್ದವಳು. ರಂಜಕ ಎಂದರೆ ಕೆಂಪು ಮೆಣಸಿನಕಾಯಿ ಚಟ್ನಿ. ಅಜ್ಜಿಯ ಪ್ರಕಾರ ಉಳಿದದ್ದೆಲ್ಲ ಅದರ ಪಕ್ಕದಲ್ಲಿ ಇಡುವ ಪದಾರ್ಥ. ಆ ಐದೂ ಅಲುಗಾಡತೊಡಗಿದಾಗ ರಾಣೆಬೆನ್ನೂರಿನ ಹಲ್ಲಿನ ಡಾಕ್ಟರು ಎಲ್ಲವನ್ನೂ ಕಿತ್ತು, ಹೊಸ ಸೆಟ್ಟು ಕೂಡಿಸುವವರೆಗೆ ಖಾರ ಮುಟ್ಟಬಾರದು, ಮೆತ್ತಗಿನದು, ತಣ್ಣಗಿನದು ತಿನ್ನಬೇಕು ಎಂದರು. ಅವ್ವ ಗಂಜಿ ಮಾಡಿಕೊಟ್ಟಳು. ಅಜ್ಜಿ ಒಂದು ಚಮಚ ತಿಂದು, ‘ಇದನ್ನ ಗ್ವಾಡಿಗೆ ಸುಣ್ಣದಂಗ ಹಚ್ರಿ’ ಎಂದು ಬಟ್ಟಲು ಸರಿಸಿದಳು.

ಅವಳಿಗೆ ಹಿಡಿಸಿದ್ದು ಒಂದೇ. ಅಂಗಡಿಯಿಂದ ತರುವ ಐಸ್‌ಕ್ರೀಂ ಕಪ್ಪು. ಮಧ್ಯಾಹ್ನ ಒಂದು, ಸಂಜೆ ಒಂದು. ಮನೆಯಲ್ಲಿ ಎಲ್ಲರೂ ನೆಮ್ಮದಿಯಿಂದ ಇದ್ದರು. ಅಷ್ಟರಲ್ಲಿ ನಾನು ಕಪ್ಪಿನ ಮೇಲಿನ ಅಕ್ಷರಗಳನ್ನು ಓದಿದೆ.

‘ಅಜ್ಜಿ, ಇದು ಐಸ್‌ಕ್ರೀಂ ಅಲ್ಲಬೇ.’

‘ಮತ್ತೇನು?’

‘ಫ್ರೋಜನ್ ಡೆಸರ್ಟ್ ಅಂತ ಬರದಾರ. ಹಾಲಿನ ಕೆನಿ ಬದಲಿ ಎಣ್ಣಿ ಹಾಕಿರತಾರ.’

ಅಜ್ಜಿಯ ಚಮಚ ಬಾಯಿಯ ಹತ್ತಿರ ನಿಂತಿತು. ‘ಹಂಗಾರ ಇಷ್ಟ ದಿನಾ ನಾ ಎಣ್ಣಿ ನೆಕ್ಕೇನೇನು?’

‘ಲೆಕ್ಕಕ್ಕ ಹೌದು.’

ಅವಳು ಕಪ್ಪನ್ನು ಕೆಳಗಿಟ್ಟಳು. ವಾದದಲ್ಲಿ ನಾನು ಗೆದ್ದಿದ್ದೆ. ಆದರೆ ಮರುದಿನವೂ ಅಜ್ಜಿ ಕಪ್ಪು ಮುಟ್ಟಲಿಲ್ಲ, ಅದರ ಮರುದಿನವೂ ಇಲ್ಲ. ಬರೀ ಚಹಾದ ಮೇಲೆ ದಿನ ದೂಡತೊಡಗಿದಳು. ಕೈಯೆತ್ತಿದರೆ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಅದನ್ನು ನೋಡಿ ಅವ್ವ ನನ್ನನ್ನು ಅಡುಗೆಮನೆಗೆ ಕರೆದಳು.

‘ನೀನ ಬಿಡಿಸೀದಿ, ನೀನ ತಿನ್ನಸು. ಅಕೀ ಹೊಟ್ಟಿಗೆ ಏನರ ಬೀಳೂತನಕ ಈ ಮನ್ಯಾಗ ನಿನ್ನ ವಾದಾ ಬಂದ್.’

ಶಿಕ್ಷೆ ಕಠಿಣವಾಗಿತ್ತು. ಆದರೆ ನನ್ನಲ್ಲಿ ಉಪಾಯವಿತ್ತು. ಮನೆಯಲ್ಲೇ, ಹಾಲಿನ ಕೆನೆಯಿಂದ, ನನ್ನ ಕಣ್ಣೆದುರಿಗೇ ಆಗುವ ಐಸ್‌ಕ್ರೀಂ. ಅದಕ್ಕೆಂದೇ ಒಂದು ಚಿಕ್ಕ ಯಂತ್ರ ಬರುತ್ತದೆ ಎಂದು ಮೊಬೈಲಿನಲ್ಲಿ ನೋಡಿದ್ದೆ. ಮೊಬೈಲನ್ನು ನಂಬದೆ ರಾಣೆಬೆನ್ನೂರಿನ ಅಂಗಡಿಗೇ ಹೋದೆ.

ಯಂತ್ರ ರೈಸ್ ಕುಕ್ಕರಿನಷ್ಟಿತ್ತು. ಒಳಗೆ ದಪ್ಪ ಗೋಡೆಯ ಒಂದು ಪಾತ್ರೆ. ಅದನ್ನು ಒಂದು ಇಡೀ ದಿನ ಫ್ರೀಜರಿನಲ್ಲಿಟ್ಟು, ಹೊರತೆಗೆದು ಯಂತ್ರದಲ್ಲಿ ಕೂಡಿಸಿ, ಹಾಲು ಸುರಿದು ಗುಂಡಿ ಒತ್ತಿದರೆ ಒಳಗಿನ ಅಲಗು ತಿರುಗಿ ತಿರುಗಿ ಐಸ್‌ಕ್ರೀಂ ಮಾಡುತ್ತದೆ. ಹೀಗೆಂದು ಅಂಗಡಿಯವರು ಹೇಳಿದರು. ನನಗೆ ಸಂಶಯ ಬಂತು.

‘ಇದರಾಗ ಖರೇನ ಐಸ್‌ಕ್ರೀಂ ಆಗತದೇನ್ರಿ?’

‘ಆಗತದ್ರಿ ಅಕ್ಕಾರ.’

‘ನೀವು ಮಾಡಿ ನೋಡೀರೇನ್ರಿ?’

‘ನಾ ಮಾರತೇನ್ರಿ.’

‘ಮಾಡಿ ನೋಡಲಾರದ ಆಗತದ ಅಂತ ಹೆಂಗ ಹೇಳತೀರಿ?’

ಅವರು ತಮ್ಮ ಬೋಳು ತಲೆಯನ್ನು ಒಮ್ಮೆ ಸವರಿಕೊಂಡು, ‘ನಾ ಕೂದಲಾ ಒಣಗಸೂ ಮಿಷನ್ನೂ ಮಾರತೇನ್ರಿ ಅಕ್ಕಾರ’ ಎಂದರು.

ಏಳು ಕಪ್ಪು ಗೆದ್ದವಳು ದುಡ್ಡು ಎಣಿಸಿ ಕೊಟ್ಟೆ. ಯಂತ್ರ ತೆಗೆದುಕೊಂಡೆ. ಬ್ಯಾಡಗಿ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬರುವಾಗ, ಇನ್ನು ಒಂದು ದಿನದಲ್ಲಿ ಅಜ್ಜಿಯ ಬಳೆಗಳು ಮಣಿಕಟ್ಟಿಗೆ ವಾಪಸು ಬರುತ್ತವೆ ಎಂದು ಲೆಕ್ಕ ಹಾಕಿದ್ದೆ.

ಫ್ರೀಜರನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಬೇರೆ ಊರುಗಳಲ್ಲಿ ಫ್ರೀಜರಿನೊಳಗೆ ಏನಿರುತ್ತದೋ ನನಗೆ ಗೊತ್ತಿಲ್ಲ. ನಮ್ಮಲ್ಲಿ ಮೆಣಸಿನಕಾಯಿ ಇರುತ್ತದೆ. ಅಪ್ಪನದು ಮೆಣಸಿನಕಾಯಿ ದಲಾಲಿ ಅಂಗಡಿ. ಬಿಸಿಲು ಏರಿದರೆ ಕಾಯಿಯ ಬಣ್ಣ ಮಾಸುತ್ತದೆಂದು ಊರ ಸುತ್ತಲಿನ ಕೋಲ್ಡ್ ಸ್ಟೋರೇಜುಗಳಲ್ಲಿ ಚೀಲಗಟ್ಟಲೆ ಇಡುತ್ತಾರೆ. ನಮ್ಮ ಮನೆಯ ಫ್ರೀಜರು ಅವುಗಳ ಒಂದು ಸಣ್ಣ ಶಾಖೆ. ಗಿರಾಕಿಗಳಿಗೆ ತೋರಿಸುವ ಮಾದರಿ ಕಾಯಿಗಳು, ವರ್ಷಕ್ಕಾಗುವ ಖಾರದ ಪುಡಿ, ಎಲ್ಲ ಅಲ್ಲೇ. ಐಸ್ ಇಡಲು ಜಾಗವಿಲ್ಲ ಎಂದು ನಾವು ಬೇಸಿಗೆಯಲ್ಲೂ ಮಡಕೆ ನೀರು ಕುಡಿಯುತ್ತೇವೆ.

‘ಅಪ್ಪಾ, ಒಂದ ದಿನಾ ಜಾಗಾ ಬೇಕು.’

‘ಬಣ್ಣ ಹೋಗತೈತಿ.’

‘ಅಜ್ಜಿ ಹೋಗೂದಕ್ಕಿಂತ ಬಣ್ಣ ಹೋಗೂದು ಛಲೋ ಅಲ್ಲ?’

ಅಪ್ಪ ಬಹಳ ಹೊತ್ತು ಯೋಚಿಸಿದ. ಯೋಚಿಸಿದ್ದು ನನಗೆ ಸರಿ ಕಾಣಲಿಲ್ಲ. ಕೊನೆಗೆ ಮೂರು ಚೀಲ ತೆಗೆದು ಜಾಗ ಮಾಡಿಕೊಟ್ಟ.

ಮೊದಲ ಪ್ರಯತ್ನದ ಫಲಿತಾಂಶ: ಹಾಲು. ಮುಕ್ಕಾಲು ತಾಸು ತಿರುಗಿದ ಮೇಲೂ ಹಾಲು ಹಾಲಾಗಿಯೇ ಉಳಿಯಿತು. ಅಜ್ಜಿ ಮುಂಬಾಗಿಲ ಕಟ್ಟೆಯ ಮೇಲೆ ಚಮಚ ಹಿಡಿದು ಕೂತಿದ್ದಳು. ಅವ್ವ ಅದನ್ನೇ ಕಾಸಿ ಚಹಾ ಮಾಡಿಕೊಟ್ಟಳು. ‘ಚಹಾದ ಮಿಷನ್ ಛಲೋ ಐತಿ’ ಎಂದಳು ಅಜ್ಜಿ.

ನಾನು ತನಿಖೆ ನಡೆಸಿದೆ. ಅಪ್ಪ ಆ ದಿನ ಗಿರಾಕಿಗಳಿಗೆ ಮಾದರಿ ತೋರಿಸಲು ಒಂಬತ್ತು ಸಲ ಫ್ರೀಜರು ತೆರೆದಿದ್ದ. ಅವ್ವ ಸಾರಿನ ಮೆಣಸಿನಕಾಯಿಗೆಂದು ಎರಡು ಸಲ. ಅವ್ವ ಮೊದಲು ಒಂದೇ ಸಲ ಎಂದಿದ್ದಳು. ಮಧ್ಯಾಹ್ನದ ಸಾರಿನ ಬಣ್ಣ ತೋರಿಸಿದ ಮೇಲೆ ಒಪ್ಪಿಕೊಂಡಳು. ಈ ಮನೆಯಲ್ಲಿ ಯಾರನ್ನೂ ನಂಬುವಂತಿಲ್ಲ ಎಂಬುದು ಖಚಿತವಾಯಿತು. ಎರಡನೇ ಪ್ರಯತ್ನಕ್ಕೆ ಫ್ರೀಜರಿನ ಬಾಗಿಲಿಗೆ ಅಂಟುಪಟ್ಟಿ ಬಡಿದು, ಪರೀಕ್ಷೆಯ ಪ್ರಶ್ನೆಪತ್ರಿಕೆಯ ಲಕೋಟೆಯಂತೆ ಅದರ ಮೇಲೆ ಸಹಿ ಮಾಡಲು ನಿರ್ಧರಿಸಿದೆ.

ಆದರೆ ಬಾಗಿಲು ಮುಚ್ಚಬೇಕಲ್ಲ. ರಾತ್ರೋರಾತ್ರಿ ಅಪ್ಪ ತನ್ನ ಮೂರು ಚೀಲಗಳನ್ನು ವಾಪಸು ತುರುಕಿದ್ದ. ಪಾತ್ರೆ ಹೇಗೋ ಹಿಡಿಯಿತು. ಕಾಲು ಕಿಲೋ ಖಾರದ ಪುಡಿಯ ಒಂದು ಚೀಲ ಹೊರಗೇ ಉಳಿಯಿತು. ಆ ಚೀಲವನ್ನು ಕೈಯಲ್ಲಿ ಹಿಡಿದು ನಿಂತಿದ್ದವಳು ಅಜ್ಜಿ.

‘ಯವ್ವಾ, ಆ ಪಾತ್ರಿ ಖಾಲಿ ಐತಲ್ಲ. ಅದರಾಗ ಇಡು.’

ನಮ್ಮೂರಿನಲ್ಲಿ ಹುಟ್ಟಿದ ಯಾರೂ ಈ ಮಾತನ್ನು ತಪ್ಪೆನ್ನಲಾರರು. ಫ್ರೀಜರಿನೊಳಗೆ ಒಂದು ಪಾತ್ರೆ ಖಾಲಿ ಕೂತಿರುವುದು ನಮಗೆ ನೋಡಲಾಗದ ದೃಶ್ಯ. ಅಜ್ಜಿಯ ಕೈಯಿಂದ ಚೀಲ ತೆಗೆದುಕೊಂಡೆ, ಪಾತ್ರೆಯೊಳಗಿಟ್ಟು ಒತ್ತಿದೆ, ಬಾಗಿಲು ಮುಚ್ಚಿದೆ, ಪಟ್ಟಿ ಅಂಟಿಸಿದೆ, ಸಹಿ ಹಾಕಿದೆ. ಕೆಳಗೆ ತಾರೀಖು ಮತ್ತು ವೇಳೆಯನ್ನೂ ಬರೆದೆ.

ಮರುದಿನ ಪಟ್ಟಿ ಹಾಗೆಯೇ ಇತ್ತು. ಮೂವರನ್ನೂ ಕರೆದು ಸಹಿ ತೋರಿಸಿದೆ. ‘ಯಾರೂ ತಗದಿಲ್ಲ ಅಂತ ಒಪ್ಪತೀರಿಲ್ಲೋ?’ ಒಪ್ಪಿದರು. ಈ ಒಪ್ಪಿಗೆಯೇ ಮುಂದೆ ನನ್ನ ಕೊರಳಿಗೆ ಬಂತು.

ಪಾತ್ರೆಯಿಂದ ಚೀಲ ಎತ್ತಿ ಫ್ರೀಜರಿನ ಮೇಲಿಟ್ಟೆ. ಒಳಗೋಡೆಯ ಮೇಲೆ ಕೂತಿದ್ದ ಮಂಜು ಸ್ವಲ್ಪ ಕೆಂಪಾಗಿತ್ತು. ನಾನು ಅದನ್ನು ನೋಡಿದೆ. ನೋಡಿಲ್ಲವೆಂದು ಸುಳ್ಳು ಹೇಳುವುದಿಲ್ಲ. ಆದರೆ ಖಾರದ ಧೂಳಿಗೆ ನಮ್ಮ ಕಿಟಕಿ ಕೆಂಪು, ಕ್ಯಾಲೆಂಡರ್ ಕೆಂಪು, ಅಪ್ಪನ ಅಂಗಿಯ ಕಾಲರು ಕೆಂಪು. ಬ್ಯಾಡಗಿಯಲ್ಲಿ ಬೆಳೆದ ಕಣ್ಣಿಗೆ ಕೆಂಪು ಒಂದು ಬಣ್ಣವಾಗಿ ಕಾಣುವುದೇ ಇಲ್ಲ. ಮೇಲಾಗಿ ಯಂತ್ರದ ಪುಸ್ತಿಕೆಯಲ್ಲಿ, ಪಾತ್ರೆ ಹೊರತೆಗೆದ ಮೇಲೆ ಒಂದು ನಿಮಿಷವೂ ತಡಮಾಡಬಾರದು ಎಂದಿತ್ತು. ಇಡೀ ಪುಸ್ತಿಕೆಯಲ್ಲಿ ನಾನು ಸಂಶಯಪಡದೆ ನಂಬಿದ ಸಾಲು ಅದೊಂದೇ.

ಹಾಲು, ಕೆನೆ, ಸಕ್ಕರೆ, ಎರಡು ಎಳೆ ಕೇಸರಿ. ಸುರಿದೆ. ಗುಂಡಿ ಒತ್ತಿದೆ. ಅಲಗು ತಿರುಗಿತು. ಅರ್ಧ ತಾಸಿನಲ್ಲಿ ಅದು ಗಟ್ಟಿಯಾಯಿತು. ನಿಜವಾಗಿಯೂ ಐಸ್‌ಕ್ರೀಂ ಆಯಿತು. ಮೇಲಾಗಿ ಸಂಜೆಯ ಆಕಾಶದಂಥ ಬಣ್ಣ.

‘ಯಾಕ ಇಷ್ಟ ಕೆಂಪಾಗೇತಿ?’ ಎಂದಳು ಅವ್ವ.

‘ಕೇಸರಿ.’

‘ಎರಡ ಎಳಿಗೆ ಇಷ್ಟ ಬಣ್ಣೇನ?’

‘ಶುದ್ಧ ಇದ್ದದ್ದು ಹಿಂಗ ಇರತದಬೇ. ಕಲಬೆರಕಿ ತಿಂದು ನಮಗ ಶುದ್ಧಂದು ಗೊತ್ತಾಗದಂಗ ಆಗೇತಿ.’

ಈ ವಾಕ್ಯವನ್ನು ಓಣಿಯವರು ಈಗ ನನ್ನ ದನಿಯಲ್ಲೇ ಹೇಳಿ ತೋರಿಸುತ್ತಾರೆ.

ಸೇಫ್ಟಿ ಪಿನ್ನು ಸುರಿದು ತೊಳೆದ ಕಪ್ಪಿನಲ್ಲೇ ಅಜ್ಜಿಗೆ ಐಸ್‌ಕ್ರೀಂ ತುಂಬಿ ಕೊಟ್ಟೆ. ವಿಜಯಕ್ಕೊಂದು ಗೌರವ ಬೇಡವೇ. ಅವಳು ಅದನ್ನು ಹಿಡಿದುಕೊಂಡು ಕಟ್ಟೆಗೆ ಹೋದಳು. ಅಪ್ಪ ಬೆರಳ ತುದಿಯಲ್ಲಿ ಸ್ವಲ್ಪ ತೆಗೆದು, ಬಾಯಿಗಿಡುವ ಬದಲು ಬೆಳಕಿಗೆ ಹಿಡಿದ. ಎಡಕ್ಕೆ ತಿರುಗಿಸಿದ, ಬಲಕ್ಕೆ ತಿರುಗಿಸಿದ. ಮೂಸಿದ. ಆಮೇಲೆ ನಾಲಿಗೆಗೆ ಮುಟ್ಟಿಸಿ ಕಣ್ಣು ಮುಚ್ಚಿದ.

‘ಬಣ್ಣ ಭಾರಿ ಐತಿ. ಖಾರ ಕಡಿಮಿ.’ ಕಣ್ಣು ತೆರೆದ. ‘ಇದು ನಮ್ಮ ಡಬ್ಬಿ ಕಾಯಿ. ಹೋದ ಸಾಲಿಂದು.’

ಡಬ್ಬಿ ಎಂಬುದು ಕಾಯಿಯ ಜಾತಿ. ಗುಂಡಗೆ, ಸುಕ್ಕಾಗಿ, ಬಣ್ಣಕ್ಕೆ ಹೆಸರಾದದ್ದು. ಅಪ್ಪ ನನ್ನ ಐಸ್‌ಕ್ರೀಮಿಗೆ ದರ್ಜೆ ಹಾಕಿದ್ದ.

ನಾನು ಫ್ರೀಜರಿನ ಮೇಲಿಟ್ಟಿದ್ದ ಚೀಲವನ್ನು ಅವ್ವ ತಿರುವಿ ನೋಡಿದಳು. ಅದರ ಬಾಯಿ ಕಟ್ಟಿರಲಿಲ್ಲ, ಬರೀ ಮಡಚಿತ್ತು. ಆಮೇಲೆ ಮೂವರೂ ಒಮ್ಮೆಗೇ ಕಟ್ಟೆಯ ಕಡೆಗೆ ಓಡಿದೆವು.

ಅಜ್ಜಿಯ ಕಣ್ಣಿಂದ, ಮೂಗಿಂದ ನೀರು ಇಳಿಯುತ್ತಿತ್ತು. ಕಪ್ಪು ಖಾಲಿಯಾಗಿತ್ತು.

‘ಅಜ್ಜಿ, ಉಗುಳಬೇ! ಅದರಾಗ ಖಾರ ಬಿದ್ದೈತಿ!’

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. ‘ಗೊತ್ತೈತಿ ತಗಿ. ಇನ್ನೊಂದೀಟು ಹಾಕ್ಕೊಂಬಾ.’

ತರಲಿಲ್ಲವೆಂದು ಅವಳೇ ಒಳಗೆ ಹೋಗಿ ಹಾಕಿಕೊಂಡಳು. ಬೇಡವೆಂದು ಅವ್ವ ಕೈ ಹಿಡಿದರೆ ಕೈ ಬದಲಿಸಿದಳು. ನಾನು ಡಾಕ್ಟರಿಗೆ ಫೋನು ಮಾಡಿದೆ. ನಡೆದದ್ದನ್ನು ಅವರಿಗೆ ಹೇಳಿದೆ.

‘ಎಷ್ಟ ತಿಂದ್ರು?’

‘ಮೂರನೇ ಕಪ್ ನಡದೈತ್ರಿ.’

‘ಉರಿ ಆಗತೈತಿ ಅಂತಾರೇನು?’

ಅಜ್ಜಿಯನ್ನು ಕೇಳಿದೆ. ‘ತಣ್ಣಗ ಐತಲ್ಲ, ಹೆಂಗ ಉರೀತದ?’ ಎಂದಳು. ಡಾಕ್ಟರಿಗೆ ಅದು ಕೇಳಿಸಿರಬೇಕು. ಸಾಕು ಮಾಡಿಸಿ ಬಾಯಿ ಮುಕ್ಕಳಿಸಲು ಹೇಳ್ರಿ, ನಾಳೆ ಕರಕೊಂಡು ಬರ್ರಿ ಎಂದರು. ಮರುದಿನ ನೋಡಿದಾಗ ಒಸಡಿನ ಗಾಯ ಮಾಯ್ದಿತ್ತು. ಬರುವ ದಾರಿಯಲ್ಲಿ ಅಜ್ಜಿ, ಇವತ್ತು ಗಂಜಿಯನ್ನೂ ತಿನ್ನುತ್ತೇನೆ ಎಂದಳು. ತಿಂದಳು ಕೂಡ. ಈಗ ಬಳೆಗಳು ಮಣಿಕಟ್ಟಿನ ಹತ್ತಿರ ಬಂದು ನಿಂತಿವೆ.

ಹಾಗಾಗಿ ಅವ್ವ ನನ್ನ ಮೇಲಿನ ನಿಷೇಧ ತೆಗೆದಿದ್ದಾಳೆ. ಆದರೆ ಕಳಂಕ ಉಳಿದಿದೆ. ನಾನು ಬಾಯಿ ತೆರೆದರೆ ಅಪ್ಪ ಅಂಟುಪಟ್ಟಿಯ ಮಾತೆತ್ತುತ್ತಾನೆ. ‘ಸಹಿ ನಿಂದ, ವೇಳೆ ನಿಂದ, ಒಳಗ ಇಟ್ಟಾಕಿನೂ ನೀನ. ನಾವು ಯಾರೂ ತಗದಿಲ್ಲ ಅಂತ ನೀನ ಒಪ್ಪಿಸೀದಿ.’ ನನ್ನ ವಿರುದ್ಧ ಇಷ್ಟು ಭದ್ರವಾದ ವಾದವನ್ನು ಇಲ್ಲಿಯವರೆಗೆ ಯಾವ ಎದುರಾಳಿಯೂ ಕಟ್ಟಿರಲಿಲ್ಲ. ಇದನ್ನೂ ನಾನೇ ಕಟ್ಟಿಕೊಡಬೇಕಾಯಿತು.

ಆದರೂ ಒಂದು ವಿಷಯ ನನ್ನನ್ನು ಬಿಡುತ್ತಿಲ್ಲ. ನಮ್ಮ ಮನೆಯ ಖಾರದ ಚೀಲಗಳ ಬಾಯಿ ಕಟ್ಟುವುದು ಅಜ್ಜಿಯ ಕೆಲಸ. ಹಳದಿ ದಾರ, ಮೂರು ಸುತ್ತು, ಅವ್ವನಿಗೂ ಬಿಚ್ಚಲು ಬಾರದ ಗಂಟು. ನಿನ್ನೆ ಫ್ರೀಜರು ತೆಗೆದು ಎಲ್ಲ ಚೀಲಗಳನ್ನೂ ಪರೀಕ್ಷಿಸಿದೆ. ದಾರವಿಲ್ಲದ್ದು ಅದೊಂದೇ. ಅಜ್ಜಿಯ ಎಲೆ ಅಡಕೆಯ ಸಂಚಿಯ ಬಾಯಿಗೆ ಮಾತ್ರ ಹೊಸದಾಗಿ ಹಳದಿ ದಾರ ಸುತ್ತಿದೆ. ಹಲ್ಲಿಲ್ಲದವಳು ಎಲೆ ಅಡಕೆ ಬಿಟ್ಟು ಎಷ್ಟೋ ದಿನವಾಗಿದೆ. ಸಂಚಿ ಕಟ್ಟುವ ಅವಸರ ಏನಿತ್ತು?

ಇವತ್ತು ಮಧ್ಯಾಹ್ನ ಅವಳೆದುರು ಕೂತೆ. ಏಳು ಕಪ್ಪು ಗೆದ್ದ ನಾನು ಒಂದು ಕಡೆ. ಒಂದೂ ಹಲ್ಲಿಲ್ಲದ ಬಾಯಿ ಇನ್ನೊಂದು ಕಡೆ. ಒಂದು ತಾಸಿನಿಂದ ಕೇಳುತ್ತಿದ್ದೇನೆ. ಅವಳು ನನ್ನ ಕಪ್ಪನ್ನು ಮಡಿಲಲ್ಲಿಟ್ಟುಕೊಂಡು ಅದರ ಮೇಲಿನ ನನ್ನ ಹೆಸರನ್ನು ಸೆರಗಿನಿಂದ ಒರೆಸುತ್ತ ಕೂತಿದ್ದಾಳೆ.

‘ಅಜ್ಜಿ, ಖರೇ ಹೇಳು. ಆ ಚೀಲಾ ನನ್ನ ಕೈಯಾಗ ಕೊಡೂವಾಗ, ಅದಕ್ಕ ದಾರ ಇತ್ತೋ, ಇಲ್ಲೋ?’