ಸ್ನಾನ ಮಾಡಿ ಬಂದ ಡೈನಮೋ

ನಮ್ಮ ಸೋದರಮಾವನ ಕಾರಿನಲ್ಲಿ ಒಮ್ಮೆ ಕೂತವರು ಎರಡನೆಯ ಸಲ ಮಧುಗಿರಿಯಿಂದ ಶಿರಾಕ್ಕೆ ನಡೆದುಕೊಂಡು ಬೇಕಾದರೂ ಹೋಗುತ್ತಾರೆ! ಕಾರು ಹಳೆಯದು ಅಂತಲ್ಲ. ಮಾವ ಹಾರನ್ ಹೊಡೆಯುವುದಿಲ್ಲ. ಹೊಡೆದರೆ ಬ್ಯಾಟರಿ ಇಳಿಯುತ್ತದಂತೆ! ಅಡ್ಡ ಬಂದವರಿಗೆಲ್ಲ ಕಿಟಕಿಯಿಂದ ತಲೆ ಹೊರಹಾಕಿ "ಹೋಯ್" ಎನ್ನುತ್ತಾರೆ. ಎಮ್ಮೆಗಳು ಪಕ್ಕಕ್ಕೆ ಸರಿಯುತ್ತವೆ. ಮನುಷ್ಯರು ಮಾತ್ರ ರಸ್ತೆಯ ನಡುವೆಯೇ ನಿಂತು ಮನೆಯವರ ಕುಶಲ ವಿಚಾರಿಸುತ್ತಾರೆ.

ಇಷ್ಟಾದರೆ ಹೇಗೋ ಸಹಿಸಿಕೊಳ್ಳಬಹುದಿತ್ತು. ಹೋದ ತಿಂಗಳು ಮಾವ ಮುಂದಿನ ಎಡಗಡೆ ಸೀಟಿನ ಕೆಳಗಿನ ಕಬ್ಬಿಣವನ್ನು ತಾವೇ ಗರಗಸ ಹಿಡಿದು ಕುಯ್ದು, ನಾಲ್ಕು ಬೆರಳು ತಗ್ಗಿಸಿ, ಇಡೀ ಸೀಟನ್ನು ಹಿಂದಕ್ಕೆ ತಳ್ಳಿ ಬಿಗಿದುಬಿಟ್ಟರು! ಅದರಲ್ಲಿ ಯಾರೂ ಕೂರುವಂತಿಲ್ಲ. ಕೊರಟಗೆರೆಯಲ್ಲಿ ನಲವತ್ತು ಮಕ್ಕಳನ್ನು ಕಣ್ಣಲ್ಲೇ ಗದರಿಸುವ ಟೀಚರು ನಾನು, ಮಾವನ ಕಾರಿನ ಹಿಂದಿನ ಸೀಟಿನಲ್ಲಿ ಮಂಡಿ ಗದ್ದಕ್ಕೆ ತಾಗಿಸಿಕೊಂಡು ಕೂರುತ್ತೇನೆ. ವಯಸ್ಸಾಯಿತಲ್ಲ, ತಲೆ ಸ್ವಲ್ಪ ಹೀಗೇ ಅಂತ ಮನೆಯವರೆಲ್ಲ ತೀರ್ಮಾನಿಸಿದ್ದೆವು.

ಅಂಥ ಕಾರು ಒಂದು ಸೋಮವಾರ ಕೈಕೊಟ್ಟಿತು. ಕೊಟ್ಟದ್ದಾದರೂ ಯಾವಾಗ? ಮಾವನ ಹೆಂಡತಿ, ಅಂದರೆ ನಮ್ಮ ಅತ್ತೆ, ಶುಕ್ರವಾರ ತವರಿಗೆ ಹೊರಡಬೇಕಾಗಿದ್ದ ವಾರದಲ್ಲಿ! ಅತ್ತೆಯ ತವರು ಪಾವಗಡದ ಕಡೆ ನಿಡುಗಲ್. ಬಿದ್ದು ಸೊಂಟದ ಆಪರೇಷನ್ ಆದ ಮೇಲೆ ಎರಡು ವರ್ಷದಿಂದ ಅತ್ತೆ ಆ ಕಡೆ ತಲೆ ಹಾಕಿರಲಿಲ್ಲ. ಈಗ ಅವರ ಅಣ್ಣ ಹಾಸಿಗೆ ಹಿಡಿದಿದ್ದರು. ಶುಕ್ರವಾರ ಬಂದು ಮಡಿಲಕ್ಕಿ ತುಂಬಿಸಿಕೊಂಡು ಹೋಗಲಿ, ಇನ್ನೊಂದು ಸಲ ಆಗುತ್ತದೋ ಇಲ್ಲವೋ ಎಂದು ಹೇಳಿ ಕಳಿಸಿದ್ದರು. ಆವತ್ತಿನಿಂದ ಅತ್ತೆ ಸೀರೆ ತೆಗೆದಿಡುವುದು, ಮಡಿಸುವುದು, ಮತ್ತೆ ತೆಗೆಯುವುದು.

ಕೆಟ್ಟಿದ್ದು ಆಲ್ಟರ್ನೇಟರ್. ನಮ್ಮ ಕಡೆ ಅದಕ್ಕೆ ಡೈನಮೋ ಅಂತಲೇ ಹೆಸರು. ಕಾರು ಓಡುವಾಗ ಬ್ಯಾಟರಿಗೆ ಕರೆಂಟು ತುಂಬುವುದು ಅದರ ಕೆಲಸ. ಮಧುಗಿರಿಯ ಗ್ಯಾರೇಜಿನವನು ಬಿಚ್ಚಿ ಕೈಗೆ ಕೊಟ್ಟು, ಹೊಸದೇ ಆಗಬೇಕು, ಹದಿನೆಂಟು ಸಾವಿರ ಎಂದನಂತೆ. "ಕಾರ್ನೇ ಮಾರುದ್ರೂ ಅಷ್ಟು ಹುಟ್ಟಾಕಿಲ್ವಲ್ಲಮ್ಮ" ಎಂದು ಮಾವ ಫೋನಿನಲ್ಲೇ ನಿಟ್ಟುಸಿರುಬಿಟ್ಟರು. ಟ್ಯಾಕ್ಸಿ ಮಾಡೋಣ, ನಾನೇ ಕೊಡುತ್ತೇನೆ ಎಂದೆ. ಟ್ಯಾಕ್ಸಿ ಆಗುವುದಿಲ್ಲ ಎಂದವರೇ ಫೋನ್ ಇಟ್ಟರು. ಎಂಥ ಜಿಪುಣತನ! ನನಗೆ ಮೈಯೆಲ್ಲ ಉರಿಯಿತು.

ಬುಧವಾರ ರಜೆ ಹಾಕಿ ಮಧುಗಿರಿಗೆ, ಮಾವನ ಮನೆಗೆ ಹೋದೆ. ಮಹಡಿ ಹತ್ತಿ ನೋಡುತ್ತೇನೆ, ಅತ್ತೆಯ ಹಪ್ಪಳಗಳ ನಡುವೆ, ಬಿಳಿ ಪಂಚೆಯ ಮೇಲೆ, ಫಳಫಳ ಹೊಳೆಯುತ್ತಾ ಡೈನಮೋ ಬಿಸಿಲು ಕಾಯುತ್ತಿದೆ! ಮಾವ ಅದನ್ನು ಸೋಪಿನ ಪುಡಿ ಹಾಕಿ, ನಲ್ಲಿಯ ಕೆಳಗೆ ಹಿಡಿದು, ಬ್ರಷ್ಷಿನಲ್ಲಿ ಉಜ್ಜಿ ತೊಳೆದಿದ್ದರು. ಕರೆಂಟಿನ ಸಾಮಾನಿಗೆ ಯಾರಾದರೂ ನೀರು ಹಾಕುತ್ತಾರೆಯೇ ಎಂದು ಕೇಳಿದೆ.

"ಡಾಕ್ಟ್ರತ್ರ ಹೋಗೋವಾಗ ಮೈ ತೊಳ್ಕಂಡ್ ಹೋಗಾಕಿಲ್ವೇನಮ್ಮ? ಇದೂ ಅಂಗೇಯ" ಎಂದರು.

ಡಾಕ್ಟರು ಶಿರಾದಲ್ಲಿದ್ದರು. ಮೋಟಾರು ವೈಂಡಿಂಗ್ ಮಾಡುವ ವಯಸ್ಸಾದ ಸಾಬರು. ಬಸ್ಸಿನಲ್ಲಿ ಮಾವ ಡೈನಮೋಗೆ ಟವೆಲ್ ಸುತ್ತಿ ತೊಡೆಯ ಮೇಲೆ ಮಲಗಿಸಿಕೊಂಡರು. ಪಕ್ಕದ ಅಜ್ಜಿ ಎಷ್ಟು ತಿಂಗಳು ಎಂದು ಕೇಳಿತು. ಹನ್ನೆರಡು ವರ್ಷ ಎಂದರು ಮಾವ. ಅಜ್ಜಿ ಎದ್ದು ಬೇರೆ ಸೀಟಿಗೆ ಹೋಯಿತು.

ಸಾಬರು ಬೋಲ್ಟು ಬಿಚ್ಚಿದರು. ಒಳಗಿನಿಂದ ನೊರೆನೊರೆಯಾಗಿ ನೀರು ಇಳಿದು ಅವರ ಲುಂಗಿ ಒದ್ದೆಯಾಯಿತು. ಕನ್ನಡಕ ಮೇಲೆತ್ತಿ ನಮ್ಮಿಬ್ಬರನ್ನೂ ನೋಡಿದರು.

"ಯಾ ಅಲ್ಲಾ. ಇದುಕ್ಕೆ ಸ್ನಾನ ಮಾಡ್ಸಿದೋರು ಯಾರು?"

ಒಳಗೆ ಸವೆದಿದ್ದದ್ದು ಎರಡು ಪುಟ್ಟ ಕಾರ್ಬನ್ ತುಂಡುಗಳಂತೆ, ಅಷ್ಟೇ! ಅದಕ್ಕೆ ಹದಿನೆಂಟು ಸಾವಿರವೇ ಎಂದು ನಾನು ಬಾಯಿ ಬಿಟ್ಟೆ. ಆದರೆ ಸಾಬರ ಚಿಂತೆ ಬೇರೆಯಿತ್ತು. ಕುಡಿದ ನೀರಿಗೆ ತಾಮ್ರದ ತಂತಿಯ ಸುತ್ತು ಹಾಳಾಗಿದ್ದರೆ ಕಥೆ ಮುಗಿಯಿತು, ಶುಕ್ರವಾರಕ್ಕೆ ಆಗದು ಎಂದರು. ಒಂದು ತಗಡಿನ ಡಬ್ಬದೊಳಗೆ ದೊಡ್ಡ ಬಲ್ಬು ಉರಿಸಿ, ಪಕ್ಕದಲ್ಲಿ ಡೈನಮೋ ಇಟ್ಟು ಮುಚ್ಚಿದರು. ಎರಡು ಗಂಟೆ ಕಾಯಬೇಕು. ಮಾವ ಡಬ್ಬದ ಮೇಲೇ ಕಣ್ಣು ನೆಟ್ಟರು. ಜೀವಮಾನದಲ್ಲಿ ಮೊದಲ ಸಲ ಅವರು ಸುಮ್ಮನೆ ಕೂತಿದ್ದು ನೋಡಿದೆ.

ಸಾಬರೇ ಮಾತು ತೆಗೆದರು. "ಒಂದಿನದ ಮಟ್ಟಿಗೆ ಟ್ಯಾಕ್ಸಿ ಮಾಡ್ಕೊಳ್ಳಿ ಯಜಮಾನ್ರೇ. ಯಾಕಿಷ್ಟು ಪರೇಶಾನ್?"

ಮಾವ ಡಬ್ಬದಿಂದ ಕಣ್ಣು ತೆಗೆಯಲಿಲ್ಲ. "ನಮ್ಮಾಕೆಗೆ ಕಾಲು ಮಡಚಾಕಾಗಲ್ಲ ಸಾಬ್ರೇ. ಬೇರೆ ಗಾಡೀಲಿ ಊರ್ ದಾಟೋದ್ರೊಳಗೆ ನೋವು ತಡೀದೆ ಅಳ್ತಾಳೆ. ಅವ್ಳ ಕಾಲಳತೆ ತಗಂಡು ಸೀಟ್ ಕುಯ್ದಿವ್ನಿ. ಅದ್ರಲ್ಲಾದ್ರೆ ನೀಟಾಗಿ ಕಾಲು ಚಾಚ್ಕಂಡು ಹೋಯ್ತಾಳೆ."

ನಾನು ದಂಗಾದೆ. ಒಂದು ತಿಂಗಳು ಆ ಸೀಟನ್ನು ನೋಡಿ ಎಷ್ಟು ನಕ್ಕಿದ್ದೆ! ನಾಚಿಕೆಯಿಂದ ಸಾಯುವಂತಾಯಿತು.

ಸಾಬರು ಎದ್ದು ಡಬ್ಬದ ಮುಚ್ಚಳ ಸರಿಪಡಿಸಿದರು. ಎರಡು ಗಂಟೆಯ ಮೇಲೆ ಕಾರ್ಬನ್ ಹೊಸದು ಹಾಕಿ, ಡೈನಮೋ ತಿರುಗಿಸಿ ನೋಡಿದರು. ಮೀಟರಿನ ಮುಳ್ಳು ಮೇಲೇರಿತು. ಆರುನೂರು ಕೇಳಿದರು. ಕೊತ್ತಂಬರಿ ಕಟ್ಟಿಗೂ ಅರ್ಧ ಗಂಟೆ ಚೌಕಾಸಿ ಮಾಡುವ ನಮ್ಮ ಮಾವ ತುಟಿಪಿಟಕ್ಕೆನ್ನದೆ ಕೊಟ್ಟು, ಸಾಬರ ಎರಡೂ ಕೈ ಹಿಡಿದುಕೊಂಡರು.

ಶುಕ್ರವಾರ ಅತ್ತೆ ಸೀರೆ ನಿರಿಗೆ ಸರಿಮಾಡಿಕೊಂಡು, ಕಾಲು ಚಾಚಿ, ಮುಂದಿನ ಸೀಟಿನಲ್ಲಿ ಕೂತರು. ದಾರಿಯುದ್ದಕ್ಕೂ ಒಮ್ಮೆಯೂ ಅಮ್ಮಾ ಅನ್ನಲಿಲ್ಲ. ಹಿಂದೆ ನನ್ನ ಮಂಡಿ ಗದ್ದಕ್ಕೆ ತಾಗುತ್ತಿತ್ತು, ನಾನೂ ಅನ್ನಲಿಲ್ಲ. ನಿಡುಗಲ್ ಬೆಟ್ಟ ಕಂಡಿತು, ಊರು ಬಂತು, ಬೀದಿಯ ಕೊನೆಗೆ ಅತ್ತೆಯ ತವರುಮನೆ ಕಂಡಿತು. ಆಗ ಮಾವ ಹಾರನ್ ಮೇಲೆ ಅಂಗೈ ಊರಿದರು! ಬೀದಿಗೆ ಬೀದಿಯೇ ಬೆಚ್ಚಿಬಿತ್ತು. ಮೊದಲು ಬೆಚ್ಚಿದವಳು ನಾನು.

"ಸಾಕು ಬುಡಿ, ಬ್ಯಾಟ್ರಿ ಇಳೀತೈತೆ" ಎಂದರು ಅತ್ತೆ, ಕಣ್ಣೊರೆಸಿಕೊಳ್ಳುತ್ತಾ.

"ಇಳೀಲಿ ಬುಡು. ನಿಮ್ಮಣ್ಣಂಗೆ ಕೇಳ್ಲಿ."

ಮಾವ ಕೈ ತೆಗೆಯಲೇ ಇಲ್ಲ. ಹಾಸಿಗೆ ಹಿಡಿದಿದ್ದ ಅಣ್ಣ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದು ನಿಲ್ಲುವವರೆಗೂ.